ಗಮನಕ್ಕೂ ಖುಷಿಗೂ ಏನ್ ಸಂಬಂಧ? ಬಿ.ಎಡ್. ಸೈಕಾಲಜಿ ನೋಟ್ಸ್

ಅವಧಾನದ (ಅಂದ್ರ ಗಮನದ) ಚಾಪ್ಟರ್‌ನ್ಯಾಗ ವ್ಯಾಖ್ಯೆ, ವಿಧ ಎಲ್ಲಾ ಬಾಯಿಪಾಠ ಮಾಡಿರ್ತೀವಿ, ಆದ್ರ ಗಮನಕ್ಕೂ ಖುಷಿಗೂ ಏನ್ ಸಂಬಂಧ ಅಂತ ಕೇಳಿದ್ರ ಪೆನ್ನು ಅಲ್ಲೇ ನಿಲ್ತೈತಿ. ಅದಕ್ಕ ಒಂದ ಸ್ಟಡಿ ಹಿಡ್ಕೊಂಡು ಬರೀತೀನಿ.

2010ರಾಗ ಹಾರ್ವರ್ಡ್‌ನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್, ಡೇನಿಯಲ್ ಗಿಲ್ಬರ್ಟ್ ಇಬ್ಬರೂ ಸೈನ್ಸ್ ಪತ್ರಿಕೆಯಾಗ ಬರ್ದದ್ದು. ಐಫೋನ್ ಆ್ಯಪ್ ಮಾಡಿ 2,250 ಮಂದಿಗೆ ದಿನದಾಗ ಯಾವಾಗಂದ್ರ ಆವಾಗ ಟಣ್ ಅನಿಸಿ ಕೇಳೋದು: ಈಗ ಹೆಂಗ ಅನಸ್ತೈತಿ, ಏನ್ ಮಾಡಾಕತ್ತೀರಿ, ಮಾಡೋ ಕೆಲಸ ಬಿಟ್ಟು ಮನಸ್ಸು ಬ್ಯಾರೆ ಕಡೆ ಐತೇನು. 46.9% ಸಲ ಮನಸ್ಸು ಬ್ಯಾರೆ ಕಡೆನ ಇತ್ತು, ಮತ್ತ ಹಂಗಿದ್ದಾಗ ಖುಷಿ ಕಮ್ಮಿ.

ನಮ್ಮ ಚಿಗವ್ವ ಕೊಪ್ಪಳ ಹತ್ರದ ಭಾಗ್ಯನಗರದಾಗ ಕೂದ್ಲು ಬಿಡಿಸೋ ಕೆಲಸಕ್ಕ ಹೋಗ್ತಾಳ. ಗಂಟು ಬಿದ್ದ ಕೂದ್ಲಿನ ಉಂಡಿ ಮುಂದಿಟ್ಕೊಂಡು ಸೂಜೀಲೆ ಎಳಿ ಎಳಿ ಬಿಡಿಸಬೇಕು, ಜಗ್ಗಿದ್ರ ಹರೀತೈತಿ. ಒಂದಿನ 'ಹೊತ್ತು ಹೋಗಿದ್ದ ಗೊತ್ತಾಗ್ಲಿಲ್ಲ' ಅಂತಾಳ, ಇನ್ನೊಂದಿನ ಸಂಘದ ಕಂತು ತಲ್ಯಾಗ ಹೊಕ್ಕಿತ್ತಂದ್ರ ಅದ ಕೆಲಸ, ಅದ ಕೂಲಿ, ಮಧ್ಯಾಹ್ನಕ್ಕ ಸಾಕಾಗಿರ್ತೈತಿ. ಸ್ಟಡಿ ಹೇಳೋದೂ ಇದನ್ನ: ಒಬ್ಬನ ಖುಷಿ ಹೊತ್ತಿಂದ ಹೊತ್ತಿಗೆ ಏರಿಳಿತದಲ್ಲ, ಅದರಾಗ 4.6% ಮಾಡೋ ಕೆಲಸದಿಂದ ತಿಳೀತೈತಿ, ಮನಸ್ಸು ಅಲ್ಲೇ ಐತೋ ಇಲ್ಲೋ ಅನ್ನೋದರಿಂದ 10.8%. ಎರಡೂ ಸಣ್ಣ ಅಂಕೀನ, ಉಳಿದದ್ದಕ್ಕ ಬ್ಯಾರೆ ನೂರೆಂಟು ಕಾರಣ ಇರ್ತಾವ, ಹಂಗಾಗಿ 'ಖುಷಿ ಅಂದ್ರ ಗಮನ' ಅಂತ ಬರೀಬ್ಯಾಡ್ರಿ.

ಚಲೋ ಚಲೋ ಯೋಚನಿ ಮಾಡಿದ್ರ? ಇಲ್ಲೇ ನೋಡ್ರಿ ಮಜಾ. ಮನಸ್ಸು ಬ್ಯಾರೆ ಕಡೆ ಹೋದಾಗಿನ 42.5% ಸಲ ಹೋಗಿದ್ದು ಚಲೋ ವಿಷಯಕ್ಕ, ಆದ್ರೂ ಕೆಲಸದ ಮ್ಯಾಲೆ ಗಮನ ಇದ್ದಾಗಿನಕಿಂತ ಖುಷಿ ಏನೂ ಹೆಚ್ಚಿರಲಿಲ್ಲ, ಸಮ ಅಷ್ಟ. ಬ್ಯಾಸರದ ವಿಷಯ, ಹಂಗೂ ಅಲ್ಲ ಹಿಂಗೂ ಅಲ್ಲ ಅನ್ನೋ ವಿಷಯ, ಇವೆರಡಕ್ಕೂ ಹೋದ್ರ ಮಾತ್ರ ಖುಷಿ ಇಳೀತಿತ್ತು.

ಈಗ ನೀವು ಕೇಳಬಹುದು, ಚಿಗವ್ವಗ ಕಂತಿನ ಚಿಂತಿ ಮೊದಲ ಇತ್ತಲ್ಲ, ಬ್ಯಾಸರ ಆಗಿದ್ದಕ್ಕ ಮನಸ್ಸು ಓಡ್ತೋ, ಓಡಿದ್ದಕ್ಕ ಬ್ಯಾಸರ ಆತೋ ಅಂತ. ಬರೋಬ್ಬರಿ ಪ್ರಶ್ನೆ. ಅವರು ಹಿಂದಿನ ಉತ್ತರ, ಮುಂದಿನ ಉತ್ತರ ಜೋಡ್ಸಿ ನೋಡ್ಯಾರ: ಮೊದಲು ಮನಸ್ಸು ಅಲೆದಿದ್ರ ಆಮ್ಯಾಲೆ ಖುಷಿ ಕಮ್ಮಿ ಇರ್ತಿತ್ತು, ಉಲ್ಟಾ ಅಷ್ಟು ಕಾಣಲಿಲ್ಲ. ಆದ್ರ ಇದು ಪ್ರಯೋಗ ಅಲ್ಲ, ಬರೇ ವೀಕ್ಷಣೆ, ಹಂಗಾಗಿ 'ಕಾರಣ ಇರಬಹುದು' ಅನ್ನೋತನಕ ಬರೀರಿ, ಅದಕ್ಕ ಮುಂದ ಹೋಗಬ್ಯಾಡ್ರಿ. ಇನ್ನೊಂದು, ಉತ್ತರ ಕೊಟ್ಟೋರಾಗ ಮುಕ್ಕಾಲು ಮಂದಿ ಅಮೆರಿಕದೋರು, ಎಲ್ಲರ ಕೈಯಾಗೂ ಐಫೋನ್. ಮಿತಿಗಳನ್ನ ಬರೀರಿ ಅಂದ್ರ ಮೊದಲ ಇದನ್ನ ಬರೀರಿ.