ಮೇಲ್ ಫೈಲ್ ಕೆಟ್ಟರೆ ಮೊದಲು ನಕಲು, ಆಮೇಲೆ ರಿಪೇರಿ

ಗಂಗಾವತಿಯ ಅಕ್ಕಿ ಗಿರಣಿಯಿರಲಿ, ರಾಯಚೂರಿನ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಿರಲಿ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕವಿರಲಿ, ಆಫೀಸಿನ ಹಳೆಯ ಡೆಸ್ಕ್‌ಟಾಪಿನಲ್ಲಿ ಔಟ್‌ಲುಕ್ ಅಥವಾ ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಂ ಇದ್ದೇ ಇರುತ್ತದೆ. ಆರ್ಡರು, ಇನ್‌ವಾಯ್ಸು, ಬ್ಯಾಂಕಿನ ಪತ್ರ ಎಲ್ಲವೂ ಅದರ ಹೊಟ್ಟೆಯಲ್ಲಿ. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಆದ್ದರಿಂದ ‘ಇದು ಔಟ್‌ಲುಕ್ ಡೇಟಾ ಫೈಲ್ ಅಲ್ಲ’ ಎಂಬ ಸಂದೇಶ ಪರದೆಯ ಮೇಲೆ ಬಂದ ದಿನ ಎದೆ ಧಸಕ್ಕೆನ್ನುವುದು ಸಹಜ. ಗಾಬರಿಯಲ್ಲಿ ಪ್ರೋಗ್ರಾಂ ತೆಗೆದು ಮತ್ತೆ ಹಾಕುವವರಿದ್ದಾರೆ, ಕೈಗೆ ಸಿಕ್ಕ ರಿಪೇರಿ ಸಾಫ್ಟ್‌ವೇರ್ ಓಡಿಸುವವರಿದ್ದಾರೆ. ಮೊದಲ ಹೊಡೆತದಲ್ಲಿ ಉಳಿದುಕೊಂಡಿದ್ದ ಮೇಲ್‌ಗಳು ಹೋಗುವುದು ಹೆಚ್ಚಾಗಿ ಈ ಎರಡನೇ ಹೊಡೆತದಲ್ಲಿ.

ಕೆಡುವುದು ಏನು ಎಂಬುದನ್ನು ಮೊದಲು ತಿಳಿಯಬೇಕು. ಔಟ್‌ಲುಕ್ ತನ್ನ ಮೇಲ್, ವಿಳಾಸ, ಕ್ಯಾಲೆಂಡರ್ ಎಲ್ಲವನ್ನೂ ಪಿಎಸ್‌ಟಿ ಎಂಬ ಒಂದೇ ಫೈಲಿನಲ್ಲಿ ತುಂಬಿಡುತ್ತದೆ. ಒಳಗೆ ಸಂದೇಶಗಳ ತುಣುಕುಗಳಿರುತ್ತವೆ. ಯಾವ ತುಣುಕು ಎಲ್ಲಿದೆ ಎಂದು ಹೇಳುವ ಮರದಾಕಾರದ ಸೂಚಿಯೂ ಇರುತ್ತದೆ. ಪಹಣಿ ಹರಿದರೆ ಹೊಲವೇನೂ ಮಾಯವಾಗುವುದಿಲ್ಲ, ಯಾವುದು ಯಾರದೆಂದು ಹೇಳುವ ಕಾಗದ ಹೋಗಿರುತ್ತದೆ ಅಷ್ಟೆ. ಸೂಚಿ ಕೆಟ್ಟ ಮೇಲ್ ಫೈಲಿನ ಸ್ಥಿತಿಯೂ ಬಹುಮಟ್ಟಿಗೆ ಅದೇ.

ಕೆಡಿಸುವವರಲ್ಲಿ ಮೊದಲನೆಯದು ಕರೆಂಟು. ಬರೆಯಬೇಕಾದ ಮಾಹಿತಿಯನ್ನು ವಿಂಡೋಸ್ ಸ್ವಲ್ಪ ಹೊತ್ತು ಮೆಮೊರಿಯಲ್ಲೇ ಇಟ್ಟುಕೊಂಡು ಆಮೇಲೆ ಡಿಸ್ಕಿಗೆ ಇಳಿಸುತ್ತದೆ. ಆ ನಡುವೆ ವಿದ್ಯುತ್ ಹೋದರೆ ಸೂಚಿ ಹೊಸದು, ಸಂದೇಶ ಹಳೆಯದು ಎಂಬ ಅರೆಬರೆ ಸ್ಥಿತಿ ಉಳಿಯುತ್ತದೆ. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಎನ್‌ಟಿಎಫ್‌ಎಸ್ ವ್ಯವಸ್ಥೆ ಫೈಲಿನ ಹೆಸರು, ಗಾತ್ರಗಳನ್ನು ಕಾಪಾಡುತ್ತದೆ, ಒಳಗಿನ ಮಾಹಿತಿಗೆ ಆ ಭರವಸೆ ಕೊಡುವುದಿಲ್ಲ. ಹಾಗಾಗಿ ಕೆಲವೊಮ್ಮೆ 3 ಜಿಬಿ ಫೈಲ್ 3 ಜಿಬಿಯಾಗಿಯೇ ಕಾಣುತ್ತದೆ, ಒಳಗೆ ಬರೀ ಸೊನ್ನೆ. ಇದನ್ನು ಪತ್ತೆಹಚ್ಚಲು ಸುಲಭದ ದಾರಿಯಿದೆ: ನಕಲನ್ನು ಜಿಪ್ ಮಾಡಿ ನೋಡಿ. ಕೆಲವೇ ಎಂಬಿಗೆ ಕುಗ್ಗಿದರೆ ಅದರಲ್ಲಿ ಮೇಲ್ ಇಲ್ಲ, ಆ ಫೈಲಿನ ಮೇಲೆ ದುಡ್ಡು ಸುರಿಯಬೇಡಿ.

ಯುಪಿಎಸ್ ಇದೆಯಲ್ಲ ಎನ್ನುವಿರಾದರೆ ಅದರ ಬ್ಯಾಟರಿಯ ವಯಸ್ಸು ನೋಡಿ. ಸೀಸ-ಆಮ್ಲ ಬ್ಯಾಟರಿಯ ಬಾಳಿಕೆಯನ್ನು ಸಾಮಾನ್ಯವಾಗಿ 25 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ ಹಾಕಿರುತ್ತಾರೆ. ಅದಕ್ಕಿಂತ ಪ್ರತಿ 10 ಡಿಗ್ರಿ ಏರಿದಾಗ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ. ಬೇಸಿಗೆಯಲ್ಲಿ 40 ದಾಟುವ ರಾಯಚೂರು, ಬಳ್ಳಾರಿಗಳಲ್ಲಿ ಮೇಜಿನ ಕೆಳಗೆ ಗಾಳಿಯಾಡದ ಮೂಲೆಗೆ ತಳ್ಳಿದ ಯುಪಿಎಸ್‌ನಿಂದ ಹೆಚ್ಚು ನಿರೀಕ್ಷಿಸುವಂತಿಲ್ಲ.

ಎರಡನೆಯ ಕಾರಣ ಗಾತ್ರ. ಔಟ್‌ಲುಕ್ 2002ರವರೆಗಿನ ಪಿಎಸ್‌ಟಿಗೆ 2 ಜಿಬಿಯ ಮಿತಿಯಿತ್ತು. ಮುಟ್ಟಿದ ಕೂಡಲೇ ಫೈಲ್ ತೆರೆಯದಾಗುತ್ತಿತ್ತು. 2003ರಲ್ಲಿ ಬಂದ ಹೊಸ ರಚನೆಯ ಮಿತಿ 20 ಜಿಬಿ, 2010ರಿಂದ 50 ಜಿಬಿ. ಮೂರನೆಯದು, ಆಫೀಸಿನ ಬೇರೆ ಕಂಪ್ಯೂಟರಿನ ಶೇರ್ಡ್ ಫೋಲ್ಡರಿನಲ್ಲಿ ಪಿಎಸ್‌ಟಿ ಇಟ್ಟು ನೆಟ್‌ವರ್ಕ್ ಮೂಲಕ ತೆರೆಯುವುದು. ಇದು ಬೇಡವೇ ಬೇಡ.

ಈಗ ಕೆಲಸಕ್ಕೆ. ಪ್ರೋಗ್ರಾಂ ಮುಚ್ಚಿ, ಅದು ಹಿನ್ನೆಲೆಯಲ್ಲಿ ಇನ್ನೂ ಓಡುತ್ತಿದೆಯೇ ಎಂದು ಟಾಸ್ಕ್ ಮ್ಯಾನೇಜರಿನಲ್ಲಿ ಖಚಿತ ಮಾಡಿಕೊಳ್ಳಿ. ಮೇಲ್ ಫೈಲನ್ನು ಬೇರೊಂದು ಡಿಸ್ಕಿಗೆ ನಕಲಿಸಿ. ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆಯ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿ ಮುಟ್ಟಿದ ಫೈಲ್ ಅದರಲ್ಲಿ ಹಿಡಿಸದು. ಮುಂದಿನದೆಲ್ಲ ನಕಲಿನ ಮೇಲೇ ನಡೆಯಲಿ, ಮೂಲವನ್ನು ಮುಟ್ಟಬೇಡಿ. ನಕಲು ಮಾಡುವಾಗಲೇ ಡಿಸ್ಕ್ ಟಕ್ ಟಕ್ ಎಂದರೆ ಅಥವಾ ಓದಲಾರದೆ ನಿಂತರೆ ಕಂಪ್ಯೂಟರ್ ಆಫ್ ಮಾಡಿ. ಆಗ ತೊಂದರೆ ಮೇಲ್ ಪ್ರೋಗ್ರಾಂನದಲ್ಲ, ಡಿಸ್ಕಿನದು. ಲಿನಕ್ಸಿನ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ಮೂಲಕ ಇಡೀ ಡಿಸ್ಕಿನ ಪಡಿಯಚ್ಚು ತೆಗೆಯಬಲ್ಲವರ ಕೈಗೆ ಅದನ್ನು ಕೊಡಬೇಕು.

ಔಟ್‌ಲುಕ್ ತೆರೆಯುವುದೇ ಇಲ್ಲವೆಂದಾದರೆ ಕಂಟ್ರೋಲ್ ಕೀ ಒತ್ತಿಹಿಡಿದು ಅದರ ಚಿಹ್ನೆಯ ಮೇಲೆ ಕ್ಲಿಕ್ ಮಾಡಿ, ಸೇಫ್ ಮೋಡಿನಲ್ಲಿ ತೆರೆಯಿರಿ. ಹಾಗೆ ತೆರೆದರೆ ಮೇಲ್ ಫೈಲ್ ಸರಿಯಿದೆ, ಔಟ್‌ಲುಕ್‌ಗೆ ಅಂಟಿಸಿದ ಯಾವುದೋ ಹೆಚ್ಚುವರಿ ಪ್ರೋಗ್ರಾಂ (ಆಡ್-ಇನ್) ಕಾಟ ಕೊಡುತ್ತಿದೆ ಎಂದು ತಿಳಿಯಬಹುದು. ತೆರೆಯದಿದ್ದರೆ ಸ್ಕ್ಯಾನ್‌ಪಿಎಸ್‌ಟಿ ಎಂಬ ರಿಪೇರಿ ಪ್ರೋಗ್ರಾಂ ಹುಡುಕಿ; ಆಫೀಸ್ ಜೊತೆಗೇ ಬರುವ ಇದು ಪ್ರೋಗ್ರಾಂ ಫೈಲ್ಸ್ ಒಳಗೆ ಆಫೀಸ್16 ಎಂಬಂಥ ಫೋಲ್ಡರಿನಲ್ಲಿ ಇರುತ್ತದೆ. 8 ಹಂತಗಳಲ್ಲಿ ಪರೀಕ್ಷಿಸಿ, ಸರಿಪಡಿಸಲೇ ಎಂದು ಕೇಳುತ್ತದೆ. ತನಗೆ ಅರ್ಥವಾಗದ ತುಣುಕುಗಳನ್ನು ಇದು ಕಿತ್ತೂ ಹಾಕುತ್ತದೆ, ನಕಲಿನ ಮೇಲೇ ಓಡಿಸಿ ಎಂದದ್ದು ಅದಕ್ಕೇ. ಒಂದೇ ಸುತ್ತಿಗೆ ನಿಲ್ಲಿಸದೆ ತಪ್ಪುಗಳಿಲ್ಲ ಎನ್ನುವವರೆಗೆ ಮತ್ತೆ ಮತ್ತೆ ಓಡಿಸಬೇಕು. ಯಾವ ಫೋಲ್ಡರಿಗೆ ಸೇರಿದ್ದವೆಂದು ತಿಳಿಯದ ಮೇಲ್‌ಗಳನ್ನು ಅದು ‘ಲಾಸ್ಟ್ ಅಂಡ್ ಫೌಂಡ್’ ಎಂಬಲ್ಲಿ ಗುಡ್ಡೆ ಹಾಕಿರುತ್ತದೆ. ಹೊಸ ಪಿಎಸ್‌ಟಿ ತೆರೆದು ಸಿಕ್ಕಿದ್ದನ್ನೆಲ್ಲ ಅದಕ್ಕೆ ಸಾಗಿಸಿ. ರಿಪೇರಿಯಾದ ಫೈಲಿನಲ್ಲೇ ವ್ಯವಹಾರ ಮುಂದುವರಿಸಬೇಡಿ.

ಓಎಸ್‌ಟಿ ಎಂಬ ಫೈಲಿಗೆ ಇಷ್ಟು ಕಷ್ಟಪಡಬೇಕಿಲ್ಲ. ಅದು ಸರ್ವರಿನಲ್ಲಿರುವುದರ ಪ್ರತಿ. ಹೆಸರು ಬದಲಿಸಿದರೆ ಔಟ್‌ಲುಕ್ ಹೊಸದನ್ನು ಇಳಿಸಿಕೊಳ್ಳುತ್ತದೆ. ಔಟ್‌ಬಾಕ್ಸಿನಲ್ಲಿ ಹೋಗದೆ ಕುಳಿತ ಮೇಲ್ ಮಾತ್ರ ಹೊಸದರಲ್ಲಿ ಇರುವುದಿಲ್ಲ. ಮೇಲನ್ನು ಸರ್ವರಿನಿಂದ ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಪಾಪ್ ಖಾತೆಯಾಗಿದ್ದರೆ ಕಥೆ ಬೇರೆ: ಔಟ್‌ಲುಕ್ ತಾನಾಗಿ ಮಾಡಿಕೊಳ್ಳುವ ಸೆಟ್ಟಿಂಗಿನಲ್ಲಿ 14 ದಿನಗಳ ನಂತರ ಸರ್ವರಿನ ಪ್ರತಿ ಅಳಿಯುತ್ತದೆ. ಆಗ ನಿಮ್ಮ ಡಿಸ್ಕಿನಲ್ಲಿರುವುದೇ ಏಕೈಕ ಪ್ರತಿ.

ಥಂಡರ್‌ಬರ್ಡ್ ವಿಷಯದಲ್ಲಿ ಆಶಾವಾದಕ್ಕೆ ಹೆಚ್ಚು ಕಾರಣವಿದೆ. ಸಾಮಾನ್ಯವಾಗಿ ಅದರ ಪ್ರತಿ ಫೋಲ್ಡರೂ ಎಂಬಾಕ್ಸ್ ಎಂಬ ಸರಳ ಪಠ್ಯ ಫೈಲ್, ಒಂದರ ಕೆಳಗೊಂದು ಮೇಲ್. ಪಕ್ಕದಲ್ಲೇ ಅದೇ ಹೆಸರಿನ ಎಂಎಸ್‌ಎಫ್ ಫೈಲ್ ಇರುತ್ತದೆ, ಅದು ಸೂಚಿ. ಫೋಲ್ಡರ್ ಖಾಲಿ ಕಾಣುತ್ತಿದೆ, ಆದರೆ ಎಂಬಾಕ್ಸ್ ಗಾತ್ರ ದೊಡ್ಡದಿದೆ ಎಂದರೆ ಥಂಡರ್‌ಬರ್ಡ್ ಮುಚ್ಚಿ ಎಂಎಸ್‌ಎಫ್ ಮಾತ್ರ ಅಳಿಸಿ. ಮುಂದಿನ ಸಲ ತೆರೆದಾಗ ಸೂಚಿ ಹೊಸದಾಗಿ ಹುಟ್ಟುತ್ತದೆ.

ಅಳಿಸಿದ ಮೇಲ್ ಕೂಡ ಇಲ್ಲಿ ತಕ್ಷಣ ಹೋಗುವುದಿಲ್ಲ. ಪ್ರತಿ ಸಂದೇಶದ ತಲೆಯಲ್ಲಿ ಎಕ್ಸ್-ಮೊಜಿಲ್ಲಾ-ಸ್ಟೇಟಸ್ ಎಂಬ ಸಾಲು, ಅದರ ಮುಂದೆ ನಾಲ್ಕು ಅಂಕೆ ಇರುತ್ತವೆ. 0001 ಎಂದರೆ ಓದಿದ್ದು, 0008 ಅಳಿಸಿದ್ದು, ಓದಿ ಅಳಿಸಿದ್ದು 0009. ಎಂಬಾಕ್ಸಿನ ನಕಲನ್ನು ಪಠ್ಯ ಎಡಿಟರಿನಲ್ಲಿ ತೆರೆದು 0009 ಇದ್ದಲ್ಲಿ 0001 ಮಾಡಿ, ಎಂಎಸ್‌ಎಫ್ ತೆಗೆದು ಥಂಡರ್‌ಬರ್ಡಿನಲ್ಲಿ ತೆರೆದರೆ ಮೇಲ್ ಎದ್ದು ಬರುತ್ತದೆ. ಅಂಕೆಗಳ ಸಂಖ್ಯೆ ನಾಲ್ಕೇ ಇರಲಿ, ಉಳಿಸುವಾಗ ಎಡಿಟರ್ ಅಕ್ಷರಗಳ ಸಂಕೇತಕ್ರಮವನ್ನು (ಎನ್‌ಕೋಡಿಂಗ್) ಬದಲಿಸದಿರಲಿ. ಆದರೆ ಅಳಿಸಿದ ಮೇಲ್‌ಗಳ ಜಾಗವನ್ನು ತೆರವು ಮಾಡುವ ‘ಕಾಂಪ್ಯಾಕ್ಟ್’ ಒತ್ತಿದ್ದರೆ ಅವೆಲ್ಲ ನಿಜಕ್ಕೂ ಹೋಗಿರುತ್ತವೆ. ಅದಕ್ಕಾಗಿ ಹುಡುಕಾಟ ಮುಗಿಯುವವರೆಗೆ ತಾನಾಗಿ ಕಾಂಪ್ಯಾಕ್ಟ್ ಆಗುವ ಆಯ್ಕೆಯನ್ನು ಆಫ್ ಮಾಡಿ. ಇನ್‌ಬಾಕ್ಸ್ ಪೂರ್ತಿ ಒಂದೇ ಫೈಲಾದ್ದರಿಂದ, ವೈರಸ್ ಇರುವ ಒಂದು ಲಗತ್ತು ಸಿಕ್ಕಿದರೆ ಆಂಟಿವೈರಸ್ ಇಡೀ ಇನ್‌ಬಾಕ್ಸನ್ನೇ ಎತ್ತಿಕೊಂಡು ಹೋಗುವುದುಂಟು. ಅದು ಹಿಡಿದಿಟ್ಟ ಫೈಲುಗಳ ಕ್ವಾರಂಟೈನ್ ಪಟ್ಟಿಯನ್ನೂ ಒಮ್ಮೆ ನೋಡಿ.

ಮರಳಿ ಸಿಕ್ಕ ಕನ್ನಡ ಮೇಲ್‌ಗಳು ಓದಲು ಬಾರದಿದ್ದರೆ ಕೆಟ್ಟಿವೆ ಎಂದು ಎಸೆಯಬೇಡಿ. ಯುನಿಕೋಡ್ ಕನ್ನಡದ ಪ್ರತಿ ಅಕ್ಷರ ಸಂಕೇತವೂ ಯುಟಿಎಫ್-8 ಎಂಬ ಎನ್‌ಕೋಡಿಂಗಿನಲ್ಲಿ ಮೂರು ಬೈಟ್, ಅಂದರೆ ಮೂರು ಸಂಖ್ಯೆಗಳು: ಮೊದಲನೆಯದು 224, ಎರಡನೆಯದು 178 ಇಲ್ಲವೇ 179. ಪ್ರೋಗ್ರಾಂ ಇದನ್ನು ಪಾಶ್ಚಾತ್ಯ ಲಿಪಿಯೆಂದು ಓದಿದರೆ ತಲೆಯ ಮೇಲೆ ಓರೆಗೆರೆಯಿರುವ ಇಂಗ್ಲಿಷ್ ಎ, ಪಕ್ಕದಲ್ಲೇ ಪುಟ್ಟ 2 ಅಥವಾ 3 ಸಾಲುಸಾಲಾಗಿ ಕಾಣುತ್ತವೆ. ಥಂಡರ್‌ಬರ್ಡಿನ ವ್ಯೂ ಮೆನುವಿನಲ್ಲಿ ‘ರಿಪೇರ್ ಟೆಕ್ಸ್ಟ್ ಎನ್‌ಕೋಡಿಂಗ್’ ಒತ್ತಿ ನೋಡಿ. ಈ ಜೋಡಿ ಕಾಣದೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಷ್ಟೇ ಇದ್ದರೆ, ಅದು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದ ಪತ್ರವಿರಬಹುದು. ಹಳೆಯ ಫಾಂಟ್ ಹಾಕಿಕೊಂಡು ಓದಬಹುದು, ಇಲ್ಲವೇ ಪಠ್ಯವನ್ನು ಆ ಹಳೆಯ ರೂಪದಿಂದ (ಆಸ್ಕಿ) ಯುನಿಕೋಡಿಗೆ ಬದಲಿಸುವ ಕನ್ವರ್ಟರಿಗೆ ಕೊಡಬಹುದು. ಎಂಬಾಕ್ಸ್ ಫೈಲನ್ನು ನೇರವಾಗಿ ತೆರೆದು ಕನ್ನಡ ಪದ ಹುಡುಕಿದರೆ ಸಿಗದಿರುವುದಕ್ಕೂ ಕಾರಣವಿದೆ: ಕನ್ನಡ ಮೇಲ್ ಸಾಮಾನ್ಯವಾಗಿ ಬೇಸ್64 ಎಂಬ, ಇಂಗ್ಲಿಷ್ ಅಕ್ಷರ-ಅಂಕೆಗಳ ಸಂಕೇತ ರೂಪದಲ್ಲಿ ಸುತ್ತಿಟ್ಟಿರುತ್ತದೆ. ಕಳಿಸಿದವರ ವಿಳಾಸ ಅಥವಾ ತಾರೀಖಿನಿಂದ ಹುಡುಕಿ, ಅವು ಬಿಡಿ ಪಠ್ಯವಾಗಿಯೇ ಇರುತ್ತವೆ.