ಎರಡು ಗ್ರಾಫಿಕ್ಸ್ ಇದ್ದರೂ ಆಟ ಯಾಕೆ ತಡವರಿಸುತ್ತದೆ?

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲಿ ಇಂಟೆಲ್ ಗ್ರಾಫಿಕ್ಸೂ ಇದೆ, ಎನ್‌ವಿಡಿಯಾ ಕಾರ್ಡೂ ಇದೆ. ಆದರೂ ಆಟ ತಡವರಿಸುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿದರೆ ಇಂಟೆಲ್ ಓಡುತ್ತಲೇ ಇರುತ್ತದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದರೆ, ನಿಮ್ಮ ಪರದೆ ಎನ್‌ವಿಡಿಯಾಗೆ ಜೋಡಿಸಿಲ್ಲ ಅನ್ನುತ್ತದೆ. ಇಂಟೆಲನ್ನು ಡಿಸೇಬಲ್ ಮಾಡಿಬಿಡಲಾ?

ಉತ್ತರ: ಬೇಡ. ಆ ಕೆಲಸವನ್ನು ನಾನೊಮ್ಮೆ ಮಾಡಿ ನೋಡಿದ್ದೇನೆ. ಡಿವೈಸ್ ಮ್ಯಾನೇಜರ್‌ಗೆ ಹೋಗಿ, ಇಂಟಿಗ್ರೇಟೆಡ್ ಗ್ರಾಫಿಕ್ಸ್, ಅಂದರೆ ಪ್ರೊಸೆಸರ್‌ ಒಳಗೇ ಇರುವ ಇಂಟೆಲ್ ಗ್ರಾಫಿಕ್ಸ್, ಮೇಲೆ ರೈಟ್ ಕ್ಲಿಕ್ ಮಾಡಿ, ಧೈರ್ಯವಾಗಿ ಡಿಸೇಬಲ್ ಒತ್ತಿದೆ. ಪರದೆ ಒಂದು ಸಲ ಕಪ್ಪಾಗಿ ಮತ್ತೆ ಬಂತು. ಅಕ್ಷರಗಳೆಲ್ಲ ಊದಿಕೊಂಡಿದ್ದವು. ಬೆಳಕು ಹೆಚ್ಚುಕಡಿಮೆ ಮಾಡುವ ಕೀ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಆಟವಂತೂ ತೆರೆಯಲೇ ಇಲ್ಲ. ಒಂದು ಹೋದರೆ ಇನ್ನೊಂದು ಅದರ ಜಾಗಕ್ಕೆ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್. ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಸರಿಯಾದ ಡ್ರೈವರ್, ಯಾವುದೂ ಸಿಗದಿದ್ದಾಗ ಪರದೆ ಖಾಲಿ ಬೀಳದಿರಲಿ ಅಂತ ವಿಂಡೋಸ್ ಇಟ್ಟುಕೊಂಡಿರುವ ಆಪದ್ಬಾಂಧವ ಅದು.

ಹಾಗೇಕಾಯಿತು ಅನ್ನುವುದರಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ.

ಗ್ರಾಫಿಕ್ಸ್ ಬದಲಾಯಿಸುವುದಕ್ಕೆ ಎಲ್ಲರೂ ಬಳಸುವ 'ಸ್ವಿಚ್' ಅನ್ನುವ ಮಾತೇ ನಮಗೆ ತೊಂದರೆ ಕೊಡುವುದು. ಒಂದು ಗುಂಡಿ ಇದೆ, ಈ ಕಡೆ ಒತ್ತಿದರೆ ಇಂಟೆಲ್, ಆ ಕಡೆ ಒತ್ತಿದರೆ ಎನ್‌ವಿಡಿಯಾ ಅಂತ ಮನಸ್ಸಿನಲ್ಲಿ ಒಂದು ಚಿತ್ರ ಕೂತಿರುತ್ತದೆ. ಒಂದು ಕಾಲದಲ್ಲಿ ಅದು ನಿಜವೂ ಆಗಿತ್ತು. 2006ರ ಸೋನಿ ವಾಯೋ ಎಸ್‌ಝಡ್ ಲ್ಯಾಪ್‌ಟಾಪುಗಳಲ್ಲಿ ಕೀಬೋರ್ಡಿನ ಹತ್ತಿರ ನಿಜವಾದ ಸ್ವಿಚ್ಚೇ ಇತ್ತು. ಒಂದು ಬದಿಗೆ ಸ್ಟ್ಯಾಮಿನಾ, ಇನ್ನೊಂದು ಬದಿಗೆ ಸ್ಪೀಡ್. ಬದಲಾಯಿಸಿದರೆ ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಬೇಕಿತ್ತು. 2008ರ ಕೊನೆಗೆ ಬಂದ ಮ್ಯಾಕ್‌ಬುಕ್ ಪ್ರೋದಲ್ಲೂ ಎರಡು ಗ್ರಾಫಿಕ್ಸ್ ಚಿಪ್ ಇದ್ದವು. ಅಲ್ಲಿ ರೀಸ್ಟಾರ್ಟ್ ಬೇಡ, ಲಾಗ್ ಔಟ್ ಆಗಿ ಮತ್ತೆ ಒಳಗೆ ಬಂದರೆ ಸಾಕು. ಇಷ್ಟೆಲ್ಲ ತಾಪತ್ರಯ ಯಾರಿಗೆ ಬೇಕು ಅಂತ ಬಹಳ ಜನ ಒಂದು ಕಡೆ ಇಟ್ಟು ಮರೆತೇಬಿಡುತ್ತಿದ್ದರು.

2010ರ ಫೆಬ್ರವರಿಯಲ್ಲಿ ಎನ್‌ವಿಡಿಯಾ ಆಪ್ಟಿಮಸ್ ಅನ್ನುವ ಏರ್ಪಾಟನ್ನು ತಂದಿತು. ಅದು ಈ ಸ್ವಿಚ್ಚನ್ನೇ ಕಿತ್ತುಹಾಕಿತು. ಆಪ್ಟಿಮಸ್ ಇರುವ ಲ್ಯಾಪ್‌ಟಾಪಿನಲ್ಲಿ ಪರದೆಯ ತಂತಿ ಹೋಗುವುದು ಇಂಟೆಲ್ ಕಡೆಗೆ ಮಾತ್ರ. ಎನ್‌ವಿಡಿಯಾ ಚಿಪ್‌ಗೂ ಪರದೆಗೂ ನೇರ ಸಂಬಂಧವೇ ಇಲ್ಲ. ಆಟ ಶುರುವಾದಾಗ ಎನ್‌ವಿಡಿಯಾ ಎದ್ದು ಒಂದೊಂದೇ ಫ್ರೇಮ್, ಅಂದರೆ ಪರದೆಯ ಒಂದೊಂದು ಚಿತ್ರ, ಬಿಡಿಸುತ್ತದೆ. ಬಿಡಿಸಿದ್ದನ್ನು ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲಿ ಲ್ಯಾಪ್‌ಟಾಪಿನ ಮಾಮೂಲಿ ಮೆಮೊರಿಗೆ ನಕಲು ಮಾಡುತ್ತದೆ. ಅದನ್ನು ಎತ್ತಿ ಪರದೆಗೆ ಕೊಡುವುದು ಇಂಟೆಲ್. ಚಿತ್ರ ಬಿಡಿಸುವವರು ಒಬ್ಬರು, ಗೋಡೆಗೆ ತೂಗುಹಾಕುವವರು ಇನ್ನೊಬ್ಬರು. ಆಟ ಮುಗಿದರೆ ಎನ್‌ವಿಡಿಯಾ ಪೂರ್ತಿ ಆಫ್, ಬ್ಯಾಟರಿ ಉಳಿತಾಯ. ಇಂಟೆಲ್ ಜಾಗದಲ್ಲಿ ಎಎಂಡಿ ರೈಜನ್ ಇದ್ದರೂ, ಎನ್‌ವಿಡಿಯಾ ಜಾಗದಲ್ಲಿ ಎಎಂಡಿಯದ್ದೇ ರೇಡಿಯಾನ್ ಕಾರ್ಡ್ ಇದ್ದರೂ ಕತೆ ಹೆಚ್ಚುಕಡಿಮೆ ಇದೇ.

ಈಗ ನಿಮ್ಮ ಭಯಗಳನ್ನು ಒಂದೊಂದಾಗಿ ನೋಡಿ. ಆಟದ ನಡುವೆ ಇಂಟೆಲ್ ಓಡುತ್ತಿದೆ ಅಂದಿರಿ. ಓಡಲೇಬೇಕು, ತೂಗುಹಾಕುವ ಕೆಲಸ ಅದರದ್ದೇ ಅಲ್ವಾ? ಕಂಟ್ರೋಲ್ ಪ್ಯಾನೆಲ್ಲಿನ ಆ ಮಾತು ಕೂಡ ದೂರಲ್ಲ, ವರದಿ. ಪರದೆ ನಿಜವಾಗಿಯೂ ಎನ್‌ವಿಡಿಯಾಗೆ ಜೋಡಿಸಿಲ್ಲ. ಇದನ್ನು ನೋಡಿ ಹೆದರಿ ಡ್ರೈವರ್ ಕಿತ್ತು, ಮತ್ತೆ ಹಾಕಿ, ವಿಂಡೋಸನ್ನೇ ಹೊಸದಾಗಿ ಹಾಕಿಕೊಂಡವರೂ ಇದ್ದಾರೆ. ಅಷ್ಟೆಲ್ಲ ಆದಮೇಲೂ ಅದೇ ಮಾತು ಬರುತ್ತದೆ, ಬರಬೇಕಾದದ್ದೇ.

ಹಾಗಾಗಿ ಕೇಳಬೇಕಾದ ಪ್ರಶ್ನೆ 'ಯಾವ ಗ್ರಾಫಿಕ್ಸ್ ಆನ್ ಆಗಿದೆ' ಅನ್ನುವುದಲ್ಲ. 'ಈ ಒಂದು ಪ್ರೋಗ್ರಾಮಿಗೆ ಬಿಡಿಸಿಕೊಡುತ್ತಿರುವುದು ಯಾವುದು' ಅನ್ನುವುದು.

ಅದನ್ನು ತಿಳಿಯಲು ಟಾಸ್ಕ್ ಮ್ಯಾನೇಜರ್ ಸಾಕು, ಆದರೆ ನೋಡುವ ಜಾಗ ಬೇರೆ. ಪರ್ಫಾರ್ಮೆನ್ಸ್ ಪುಟದ ಗ್ರಾಫ್ ಬಿಡಿ. ಪ್ರೋಸೆಸಸ್ ಪುಟಕ್ಕೆ ಹೋಗಿ, ಮೇಲಿನ ತಲೆಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಜಿಪಿಯು ಎಂಜಿನ್ ಅನ್ನುವುದನ್ನು ಆರಿಸಿ. ಜಿಪಿಯು ಅಂದರೆ ಗ್ರಾಫಿಕ್ಸ್ ಚಿಪ್. ಆಟದ ಹೆಸರಿನ ಮುಂದೆ ಜಿಪಿಯು 0 ಅಥವಾ ಜಿಪಿಯು 1 ಅಂತ ಬರುತ್ತದೆ. 0 ಅಂದರೆ ಇಂಟೆಲ್ ಅಂತಲೇ ಲೆಕ್ಕ ಹಾಕಬೇಡಿ. ಯಾವ ನಂಬರ್ ಯಾರದ್ದು ಅಂತ ಪರ್ಫಾರ್ಮೆನ್ಸ್ ಪುಟದಲ್ಲಿ ಹೆಸರು ನೋಡಿಕೊಳ್ಳಿ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ಲಿನ ಡೆಸ್ಕ್‌ಟಾಪ್ ಮೆನುವಿನಲ್ಲಿ ಜಿಪಿಯು ಆಕ್ಟಿವಿಟಿ ಐಕಾನ್ ತೋರಿಸುವ ಆಯ್ಕೆಯೂ ಇದೆ. ಅದನ್ನು ಆನ್ ಮಾಡಿದರೆ ಗಡಿಯಾರದ ಪಕ್ಕ ಒಂದು ಚಿಕ್ಕ ಗುರುತು ಬರುತ್ತದೆ. ಒತ್ತಿದರೆ ಈಗ ಎನ್‌ವಿಡಿಯಾ ಬಳಸುತ್ತಿರುವ ಪ್ರೋಗ್ರಾಮುಗಳ ಪಟ್ಟಿ. ನನಗೆ ಇದೇ ಜಾಸ್ತಿ ಇಷ್ಟ.

ಆಟ ಇಂಟೆಲ್ ಮೇಲೆಯೇ ಓಡುತ್ತಿದೆ ಅಂತ ಖಚಿತವಾಯಿತು ಅನ್ನಿ. ಆಗ ವಿಂಡೋಸ್ ಸೆಟ್ಟಿಂಗ್ಸ್‌ಗೆ ಹೋಗಿ, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್. ಈ ಪುಟ ಬಂದದ್ದು ವಿಂಡೋಸ್ 10ರ 2018ರ ಏಪ್ರಿಲ್ ಅಪ್‌ಡೇಟಿನಲ್ಲಿ. ಅಲ್ಲಿ ಆಟವನ್ನು ಸೇರಿಸಿ ಹೈ ಪರ್ಫಾರ್ಮೆನ್ಸ್ ಆರಿಸಿ. ಆಟವನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಓಡುತ್ತಿರುವ ಪ್ರೋಗ್ರಾಮಿಗೆ ಈ ಬದಲಾವಣೆ ತಾಗುವುದಿಲ್ಲ. ಹಳೆಯ ಸಲಹೆಗಳೆಲ್ಲ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲೇ ಬದಲಾಯಿಸಿ ಅನ್ನುತ್ತವೆ. ಅದು ಆ ಕಾಲಕ್ಕೆ ಸರಿ. ಈಗ ಇಬ್ಬರೂ ಬೇರೆ ಬೇರೆ ಹೇಳಿದರೆ ಸಾಮಾನ್ಯವಾಗಿ ವಿಂಡೋಸ್ ಮಾತೇ ನಡೆಯುತ್ತದೆ.

ಇಷ್ಟು ಮಾಡಿಯೂ ಆಗಲಿಲ್ಲ ಅನ್ನುವವರಲ್ಲಿ ಬಹಳ ಮಂದಿ ಎಡವುವುದು ಒಂದೇ ಜಾಗದಲ್ಲಿ. ಸೇರಿಸಿದ್ದು ಆಟವನ್ನಲ್ಲ, ಲಾಂಚರನ್ನು. ಡೆಸ್ಕ್‌ಟಾಪಿನ ಐಕಾನ್ ತೆರೆಯುವುದು ಲಾಂಚರ್. ಅದು ಒಳಗಿನಿಂದ ಬೇರೊಂದು ಫೈಲನ್ನು ಎಬ್ಬಿಸುತ್ತದೆ, ಚಿತ್ರ ಬಿಡಿಸಿಕೊಳ್ಳುವುದು ಆ ಫೈಲು. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿ ಇದಕ್ಕೆ ಒಳ್ಳೆಯ ಉದಾಹರಣೆ. ನಿಜವಾಗಿ ಓಡುವುದು ಮೈನ್‌ಕ್ರಾಫ್ಟ್ ಹೆಸರಿನ ಫೈಲಲ್ಲ, ಜಾವಾಡಬ್ಲ್ಯು ಅನ್ನುವ ಫೈಲು. ಹುಡುಕುವ ಸುಲಭದ ದಾರಿ ಇದು: ಆಟ ಓಡುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪುಟಕ್ಕೆ ಹೋಗಿ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಓಪನ್ ಫೈಲ್ ಲೊಕೇಶನ್ ಒತ್ತಿ. ಅಲ್ಲಿ ಕಂಡ ಫೈಲನ್ನೇ ಸೇರಿಸಿ. ವಿಡಿಯೋ ಎಡಿಟಿಂಗ್, ಪೈಥಾನ್ ಕೆಲಸಕ್ಕೂ ಇದೇ ಉಪಾಯ.

ಇನ್ನೊಂದು ಬಗೆಯ ದೂರು ಇದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಎನ್‌ವಿಡಿಯಾ ಹೆಸರೇ ಮಾಯ. ಕಾರ್ಡ್ ಸುಟ್ಟುಹೋಯಿತು ಅಂತ ಎದೆ ಒಡೆದುಕೊಳ್ಳುವ ಮೊದಲು ಲ್ಯಾಪ್‌ಟಾಪ್ ಕಂಪನಿ ಕೊಟ್ಟಿರುವ ಸಾಫ್ಟ್‌ವೇರ್ ತೆರೆದು ನೋಡಿ. ಇಕೋ ಅಂತಲೋ, ಇಂಟಿಗ್ರೇಟೆಡ್ ಓನ್ಲಿ ಅಂತಲೋ ಒಂದು ಮೋಡ್ ಇರುತ್ತದೆ. ಬ್ಯಾಟರಿ ಉಳಿಸಲು ಅದು ದೊಡ್ಡ ಕಾರ್ಡನ್ನು, ಅಂದರೆ ಎನ್‌ವಿಡಿಯಾವನ್ನು, ವಿಂಡೋಸ್ ಕಣ್ಣಿಗೇ ಬೀಳದಂತೆ ಮಾಡುತ್ತದೆ. ಯಾವತ್ತೋ ಪ್ರಯಾಣದಲ್ಲಿ ಒತ್ತಿ ಮರೆತಿರುತ್ತೇವೆ. ಚಾರ್ಜರ್ ಹಾಕಿ, ಮೋಡ್ ಬದಲಾಯಿಸಿ, ರೀಸ್ಟಾರ್ಟ್ ಮಾಡಿ.

ಅದೇ ಸಾಫ್ಟ್‌ವೇರಿನಲ್ಲೋ, ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಬಯಾಸ್ ಸೆಟ್ಟಿಂಗ್ಸ್‌ನಲ್ಲೋ ಕೆಲವರಿಗೆ ಡಿಸ್ಕ್ರೀಟ್ (ದೊಡ್ಡ ಕಾರ್ಡ್ ಮಾತ್ರ) ಅನ್ನುವ ಆಯ್ಕೆಯೂ ಕಾಣುತ್ತದೆ. ಕಂಡರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಮಕ್ಸ್ ಇದೆ ಅಂತ ಅರ್ಥ. ಪರದೆಯ ತಂತಿಯನ್ನೇ ಇಂಟೆಲ್‌ನಿಂದ ಎನ್‌ವಿಡಿಯಾ ಕಡೆಗೆ ತಿರುಗಿಸುವ ಭಾಗ ಅದು. ನಿಮ್ಮ ಮನಸ್ಸಿನಲ್ಲಿದ್ದ 'ಸ್ವಿಚ್' ಇದೇ ನೋಡಿ! ತಿರುಗಿಸಿದರೆ ನಕಲು ಮಾಡುವ ಕೆಲಸ ತಪ್ಪುತ್ತದೆ, ಫ್ರೇಮ್ ಸ್ವಲ್ಪ ಹೆಚ್ಚುತ್ತದೆ, ಪರದೆಗೆ ಆ ಗುಣ ಇದ್ದರೆ, ಪರದೆಯ ವೇಗವನ್ನು ಫ್ರೇಮ್‌ಗಳ ವೇಗಕ್ಕೆ ಹೊಂದಿಸುವ ಜಿ-ಸಿಂಕ್ ಕೂಡ ಸಿಗುತ್ತದೆ. ಬದಲಿಗೆ ದೊಡ್ಡ ಕಾರ್ಡ್ ಮಲಗುವುದೇ ಇಲ್ಲ, ಬ್ಯಾಟರಿ ಬೇಗ ಖಾಲಿ. ಬಹುತೇಕ ಲ್ಯಾಪ್‌ಟಾಪುಗಳಲ್ಲಿ ಪ್ರತಿ ಸಲ ರೀಸ್ಟಾರ್ಟ್ ಬೇಕು. 2020ರಲ್ಲಿ ಬಂದ ಅಡ್ವಾನ್ಸ್ಡ್ ಆಪ್ಟಿಮಸ್ ಇದ್ದರೆ ಮಾತ್ರ ಅದು ಬೇಡ. ಸೆಕೆಂಡಿಗೆ ನೂರಕ್ಕಿಂತ ಜಾಸ್ತಿ ಫ್ರೇಮ್ ಬೇಕು ಅನ್ನುವ ಆಟಗಾರರಿಗೆ ಇದು ಸರಿ. ಉಳಿದವರು ಇದರ ಹಿಂದೆ ಬೀಳುವುದು ಸುಮ್ನೆ ಅನ್ನುವುದು ನನ್ನ ಅಭಿಪ್ರಾಯ.

ಮಕ್ಸ್ ಇಲ್ಲದವರಿಗೂ ಒಂದು ಹಿಂಬಾಗಿಲು ಇದೆ. ಎಷ್ಟೋ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಎಚ್‌ಡಿಎಂಐ ಪೋರ್ಟ್ ನೇರವಾಗಿ ಎನ್‌ವಿಡಿಯಾಗೇ ಹೋಗುತ್ತದೆ. ಹೊರಗಿನ ಮಾನಿಟರ್ ಜೋಡಿಸಿ ಅದರ ಮೇಲೆ ಆಡಿದರೆ ನಕಲಿನ ಸುತ್ತು ತಪ್ಪುತ್ತದೆ. ಅದೇ ಕಾರಣಕ್ಕೆ, ಮಾನಿಟರ್ ಹಾಕಿದ ಕೂಡಲೇ ಏನೂ ಮಾಡದಿದ್ದರೂ ಫ್ಯಾನ್ ಸದ್ದು ಶುರುವಾದರೆ ಗಾಬರಿ ಬೇಡ. ದೊಡ್ಡ ಕಾರ್ಡ್ ಎದ್ದಿದೆ, ಅಷ್ಟೇ.

ಮಾನಿಟರ್ ಹಾಕದೆಯೂ ಅದು ಮಲಗುತ್ತಿಲ್ಲ ಅಂದರೆ ಮೊದಲು ಅನುಮಾನಿಸಬೇಕಾದ್ದು ಬಿಸಿ ಎಷ್ಟಿದೆ ಅಂತ ತೋರಿಸುವ ಪ್ರೋಗ್ರಾಮುಗಳನ್ನು. ಮಲಗಿದ್ದೀಯಾ ಅಂತ ಕ್ಷಣಕ್ಕೊಮ್ಮೆ ಕೇಳುತ್ತಿದ್ದರೆ ಯಾರು ತಾನೆ ಮಲಗುತ್ತಾರೆ? ಚಲಿಸುವ ವಾಲ್‌ಪೇಪರುಗಳೂ ಇದೇ ಕೆಲಸ ಮಾಡಬಹುದು. ಮೊದಲು ಹೇಳಿದ ಐಕಾನ್ ಪಟ್ಟಿಯಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ.

ಡ್ರೈವರ್ ವಿಷಯಕ್ಕೆ ಕೊನೆಗೆ ಬರುತ್ತಿದ್ದೇನೆ, ಯಾಕೆಂದರೆ ಎಲ್ಲರೂ ಅಲ್ಲಿಂದಲೇ ಶುರು ಮಾಡಿ ಸುಸ್ತಾಗುತ್ತಾರೆ. ಕಾರ್ಡಿನ ಹೆಸರಿನ ಮೇಲೆ ಹಳದಿ ಗುರುತು, ತೆರೆದರೆ ಕೋಡ್ 43 ಅಂತ ಇದ್ದರೆ ಮಾತ್ರ ಇದಕ್ಕೆ ಕೈ ಹಾಕಿ. ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ನಿಮ್ಮ ಮಾಡೆಲ್ಲಿನ ಎರಡೂ ಡ್ರೈವರ್ ಇಳಿಸಿಕೊಳ್ಳಿ. ಅಗತ್ಯವಾದದ್ದನ್ನು ಮಾತ್ರ ಇಟ್ಟುಕೊಂಡು ವಿಂಡೋಸ್ ಶುರುವಾಗುವ ಸೇಫ್ ಮೋಡ್‌ನಲ್ಲಿ ಹಳೆಯದನ್ನು ತೆಗೆಯಿರಿ. ಮೊದಲು ಇಂಟೆಲ್, ಆಮೇಲೆ ಎನ್‌ವಿಡಿಯಾ ಹಾಕಿ. ಇಷ್ಟಾದರೂ 43 ಹೋಗದಿದ್ದರೆ ಹಾರ್ಡ್‌ವೇರ್ ಕೆಟ್ಟಿರಬಹುದು, ಸರ್ವಿಸ್‌ಗೆ ಕೊಡಿ.

ಲಿನಕ್ಸ್ ಬಳಸುವವರಿಗೆ ಎರಡು ಮಾತು. 2012ರಲ್ಲಿ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯೊಂದರಲ್ಲಿ ಲಿನಕ್ಸ್ ಶುರು ಮಾಡಿದ ಲಿನಸ್ ಟೋರ್ವಾಲ್ಡ್ಸ್ ಕ್ಯಾಮೆರಾ ಎದುರು ಎನ್‌ವಿಡಿಯಾಗೆ ನಡುಬೆರಳು ತೋರಿಸಿದ್ದು ಬಹಳ ಜನಕ್ಕೆ ಗೊತ್ತು. ಅವರಿಗೆ ಬಂದಿದ್ದ ಪ್ರಶ್ನೆ ಆಪ್ಟಿಮಸ್ ಬಗ್ಗೆ ಅನ್ನುವುದು ಅಷ್ಟು ಜನಕ್ಕೆ ಗೊತ್ತಿಲ್ಲ. 2019ರಲ್ಲಿ ಬಂದ 435ನೇ ಡ್ರೈವರ್‌ನಿಂದ ಈಚೆಗೆ ಅಲ್ಲೂ ಒಂದೊಂದು ಪ್ರೋಗ್ರಾಮನ್ನೇ ದೊಡ್ಡ ಕಾರ್ಡಿಗೆ ಕಳಿಸಬಹುದು. ಉಬುಂಟುವಿನಲ್ಲಿ ಗ್ರಾಫಿಕ್ಸ್ ಆರಿಸುವ ಪ್ರೈಮ್ ಸೆಲೆಕ್ಟ್ ಅನ್ನುವ ಕಮಾಂಡಿನ ಆನ್ ಡಿಮ್ಯಾಂಡ್ ಆಯ್ಕೆ ಇಟ್ಟುಕೊಳ್ಳಿ. ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಡಿಸ್ಕ್ರೀಟ್ ಕಾರ್ಡಿನಲ್ಲಿ ತೆರೆಯುವ ಆಯ್ಕೆ ಸಿಗುತ್ತದೆ.

ಇನ್ನು ನಿಮ್ಮ ಆಟಕ್ಕೆ ಮರಳೋಣ. ಜಿಪಿಯು ಎಂಜಿನ್ ಸಾಲಿನಲ್ಲಿ ಎನ್‌ವಿಡಿಯಾ ನಂಬರೇ ಕಾಣುತ್ತಿದೆ, ಆದರೂ ತಡವರಿಸುತ್ತಿದೆ ಅಂದರೆ ನಿಮ್ಮ ತೊಂದರೆ ಗ್ರಾಫಿಕ್ಸ್ ಬದಲಾಯಿಸುವುದರಲ್ಲಿ ಇಲ್ಲ. ಚಾರ್ಜರ್ ಹಾಕಿದ್ದೀರಾ ನೋಡಿ, ಬ್ಯಾಟರಿ ಮೇಲೆ ದೊಡ್ಡ ಕಾರ್ಡಿಗೆ ಪೂರ್ತಿ ವಿದ್ಯುತ್ ಸಿಗುವುದಿಲ್ಲ. ಹಾಕಿದ್ದರೆ ಆಟದ ಸೆಟ್ಟಿಂಗ್ಸ್‌ನಲ್ಲಿ ಟೆಕ್ಸ್‌ಚರ್ (ವಸ್ತುಗಳ ಮೈಮೇಲಿನ ಚಿತ್ರಗಳ ಗುಣಮಟ್ಟ) ಒಂದು ಹಂತ ಇಳಿಸಿ. 4 ಜಿಬಿ ಮೆಮೊರಿಯ ಕಾರ್ಡಿಗೆ ಈಗಿನ ಎಷ್ಟೋ ಆಟಗಳ ಹೈ ಟೆಕ್ಸ್‌ಚರ್ ಹಿಡಿಸುವುದೇ ಇಲ್ಲ.