ಹಲಗಿ ನಿಲ್ಲದ ಕಣ: ವಾಸಿಯಾಗದ ಸೋಂಕು ಮತ್ತು ಮೆಮೊರಿ ಕೋಶಗಳು

ರೋಗನಿರೋಧಕ ಶಕ್ತಿಯ ಈ ಪಾಠ ಎಷ್ಟು ಓದಿದರೂ ನನ್ನ ತಲೆಗೆ ಹೋಗಿರಲಿಲ್ಲ. ಮುಧೋಳದ ಹತ್ತಿರ ನಮ್ಮೂರ ಜಾತ್ರೆಯ ಕುಸ್ತಿ ನೋಡುವಾಗ ಹೊಳೆಯಿತು. ಹಾಗಾಗಿ ಟಿಪ್ಪಣಿಯನ್ನೂ ಕಣದ ಮಾತಿನಲ್ಲೇ ಬರೆಯುತ್ತಿದ್ದೇನೆ.

ಮೊದಲು ಬಂದು ಹೋಗುವ ಸೋಂಕು. ವೈರಸ್ ಬಂದ ಕೂಡಲೇ ಅದನ್ನು ಗುರುತು ಹಿಡಿಯುವ ಸಿಡಿ8 ಟಿ ಕೋಶಗಳು (ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವ ಬಿಳಿ ರಕ್ತಕಣಗಳು) ಸಾವಿರಾರು ಪಟ್ಟು ಹೆಚ್ಚುತ್ತವೆ. ವೈರಸ್ ಹೋದ ಮೇಲೆ ನೂರಕ್ಕೆ 90-95 ಸಾಯುತ್ತವೆ. ಉಳಿದವೇ ಆ ವೈರಸ್ಸನ್ನು ನೆನಪಿಟ್ಟುಕೊಳ್ಳುವ ಮೆಮೊರಿ ಕೋಶಗಳು, ಗೆದ್ದು ಮನೆಗೆ ಬಂದ ಪೈಲ್ವಾನರು. ಐಎಲ್-7, ಐಎಲ್-15 ಎಂಬ ಸಂಕೇತಗಳೇ ಇವರಿಗೆ ಹಾಲು, ಬಾದಾಮಿ. ವೈರಸ್ ಮತ್ತೆ ಕಾಣದಿದ್ದರೂ ವರ್ಷಗಟ್ಟಲೆ ಬದುಕುತ್ತಾರೆ. ಆದರೆ ಹೀಗೆ ಪಳಗಲು ವಿಶ್ರಾಂತಿ ಬೇಕು. ಈ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ.

ವೈರಸ್ ಹೋಗದೇ ಕೂತರೆ? ಇಲಿಗಳ ಎಲ್‌ಸಿಎಂವಿ ವೈರಸ್ ಇದಕ್ಕೆ ಒಳ್ಳೆಯ ಉದಾಹರಣೆ. ಆರ್ಮ್‌ಸ್ಟ್ರಾಂಗ್ ತಳಿಯನ್ನು ಇಲಿ ಸುಮಾರು 8 ದಿನದಲ್ಲಿ ಓಡಿಸುತ್ತದೆ. ಕ್ಲೋನ್ 13 ಎಂಬ ತಳಿ ತಿಂಗಳುಗಟ್ಟಲೆ ಉಳಿಯುತ್ತದೆ. ಎರಡರ ನಡುವೆ ಇರುವುದು ಕೆಲವೇ ಅಮೈನೊ ಆಮ್ಲಗಳ ವ್ಯತ್ಯಾಸ!

ಅವತ್ತು ಕಡೆಯ ಜೋಡಿ ಮುಕ್ಕಾಲು ತಾಸು ಹಿಡಿಯಿತು. ಬೆನ್ನಿನ ಕೆಮ್ಮಣ್ಣು ಬೆವರಿಗೆ ಕರಗಿ ಇಳಿಯುತ್ತಿತ್ತು. ಕೈ ಎದುರಾಳಿಯ ಲಂಗೋಟಿ ಹಿಡಿಯುತ್ತಿತ್ತು, ಹಿಡಿತದಲ್ಲಿ ಬಿಗಿ ಇರಲಿಲ್ಲ. ಬಳಲಿದ ಟಿ ಕೋಶವೂ ಹೀಗೇ. ಅದು ಸತ್ತಿಲ್ಲ, ಕಣದಲ್ಲೇ ಇದೆ. ಅದು ತಯಾರಿಸುವ ಸಂಕೇತಗಳಲ್ಲಿ ಮೊದಲು ಐಎಲ್-2 ನಿಲ್ಲುತ್ತದೆ, ಆಮೇಲೆ ಟಿಎನ್‌ಎಫ್, ಕೊನೆಗೆ ಇಂಟರ್‌ಫೆರಾನ್ ಗಾಮಾ. ಮೈಮೇಲೆ ಪಿಡಿ-1 ಎಂಬ ಬ್ರೇಕ್ ಜಾಸ್ತಿಯಾಗುತ್ತದೆ. 2006ರಲ್ಲಿ ಇಲಿಗಳಲ್ಲಿ ಆ ಬ್ರೇಕ್ ತಡೆದಾಗ ಕೋಶಗಳ ಕಸುವು ಸ್ವಲ್ಪ ಮರಳಿತು. ಆದರೆ ಬ್ರೇಕ್ ಒತ್ತುವ ಪಿಡಿ-ಎಲ್1 ಹುಟ್ಟಿನಿಂದಲೇ ಇಲ್ಲದ ಇಲಿಗಳು ಕ್ಲೋನ್ 13 ತಗುಲಿದಾಗ ಸತ್ತವು. ಅಂದರೆ ಈ ಬಳಲಿಕೆ ಸುಮ್ನೆ ಬಂದದ್ದಲ್ಲ, ಸ್ವಂತ ಅಂಗಾಂಗ ಹಾಳಾಗದಂತೆ ದೇಹ ಹಾಕಿಕೊಂಡ ಕಡಿವಾಣ. ನನಗೆ ಪಾಠದಲ್ಲಿ ತುಂಬ ಹಿಡಿಸಿದ್ದು ಇದೇ.

ಈಗ ಜೋಡಿ ಸೋಂಕಿಗೆ, ಅಂದರೆ ಒಂದೇ ದೇಹದಲ್ಲಿ ಎರಡು ಸೋಂಕು ಇರುವುದಕ್ಕೆ ಬರೋಣ. ಆ ದಿನ ಬೇಗ ಗೆದ್ದ ಒಬ್ಬ ಹುಡುಗ ಬೇವಿನ ಮರದ ಕೆಳಗೆ ಮಲಗಿದ್ದ. ಕಣದ ಪಕ್ಕ ಬಡಿಯುವ ಹಲಗಿ ವಾದ್ಯದ ಸದ್ದು ಜೋರಾದಾಗೆಲ್ಲ ಅವನ ಕಣ್ಣು ತೆರೆಯುತ್ತಿತ್ತು. ಕುಸ್ತಿ ಅವನದಲ್ಲ, ನಿದ್ದೆ ಕೆಟ್ಟಿದ್ದು ಮಾತ್ರ ಅವನದೇ, ಅಲ್ವಾ? ಬೇರೆ ರೋಗದ ಮೆಮೊರಿ ಕೋಶಗಳ ಕಥೆ ಇದು. ಪಕ್ಕದಲ್ಲಿ ಇನ್ನೊಂದು ವೈರಸ್ ತಿಂಗಳುಗಟ್ಟಲೆ ಉರಿಯೂತ ಎಬ್ಬಿಸುತ್ತಿದ್ದರೆ, ಇವು ಪೂರ್ತಿ ಪಳಗುವುದಿಲ್ಲ. ಹಳೆಯ ರೋಗ ಮರಳಿದರೆ ಕಾಪಾಡುವ ಶಕ್ತಿ ಕಡಿಮೆ. 2014ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು.

ಎಲ್ಲ ಹಟಮಾರಿ ವೈರಸ್‌ಗಳೂ ಹೀಗೆ ಬಳಲಿಸುವುದಿಲ್ಲ. ಸಿಎಂವಿ (ಸೈಟೊಮೆಗಾಲೊ ವೈರಸ್) ಬಹುಪಾಲು ಸುಪ್ತವಾಗಿ ಕೂರುತ್ತದೆ. ಅದರ ವಿರುದ್ಧದ ಮೆಮೊರಿ ಕೋಶಗಳು ವಯಸ್ಸಾದಂತೆ ಉಬ್ಬುತ್ತಲೇ ಹೋಗಿ, ಒಟ್ಟು ಮೆಮೊರಿ ಟಿ ಕೋಶಗಳಲ್ಲಿ ನೂರಕ್ಕೆ ಸುಮಾರು 10 ಪಾಲು ಹಿಡಿಯಬಹುದು.

ಎಚ್‌ಐವಿಯಲ್ಲಿ ತೊಂದರೆ ಇಮ್ಮಡಿ. ಹಲಗಿಯೂ ನಿಲ್ಲುವುದಿಲ್ಲ, ಸಹಾಯಕ ಸಿಡಿ4 ಕೋಶಗಳೂ ಸಾಯುತ್ತವೆ. ಟಿಬಿ ರೋಗಾಣುವನ್ನು ನೆನಪಿಟ್ಟಿರುವ ಸಿಡಿ4 ಕೋಶಗಳು ಬೇಗ ಖಾಲಿಯಾಗುವ ಗುಂಪಿನಲ್ಲಿವೆ. ವರ್ಷಗಳಿಂದ ಮಲಗಿದ್ದ ಟಿಬಿ ಎದ್ದು ಕೂರುವುದು ಆಗಲೇ. ನಮ್ಮ ಬಾಗಲಕೋಟೆ, ಬೆಳಗಾವಿ ಕಡೆ ಎಚ್‌ಐವಿ ಬಹಳ ಮನೆಗಳನ್ನು ಕಾಡಿದೆ. ಟಿಬಿ ಪತ್ತೆಯಾದವರಿಗೆ ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸುವುದು, ಎಆರ್‌ಟಿ ಮಾತ್ರೆ ಬೇಗ ಶುರು ಮಾಡಿ ಅನ್ನುವುದು ಇದಕ್ಕೇ. ಮಾತ್ರೆ ವೈರಸ್ಸನ್ನು ಅಡಗಿಸುತ್ತದೆ, ಹಲಗಿಯ ಸದ್ದು ತಗ್ಗುತ್ತದೆ. ಪೂರ್ತಿ ನಿಲ್ಲುವುದಿಲ್ಲ, ಸಣ್ಣ ಉರಿಯೂತ ಉಳಿದೇ ಇರುತ್ತದೆ.